ಗಸಗಸೆ ಗಿರಣಿಯ ಬುಷ್

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಲೇತ್‌ನಿಂದ ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಮೂರನೇ ಸಾಲಿಗೇ ಎದ್ದು ಹೋಗುತ್ತೀರಿ. ಗಸಗಸೆಯಿಂದ ಶುರು ಮಾಡಿದರೆ ಪಾಯಸದ ಆಸೆಗೆ ಕೂತಿದ್ದು, ಆಮೇಲೆ ಎಲೆಗೆ ಕಬ್ಬಿಣ ಬಡಿಸಿದನಲ್ಲ ಎಂದು ಬೈಯುತ್ತೀರಿ. ಕಣ್ಣಿನಿಂದ ಶುರು ಮಾಡಬಹುದಿತ್ತು. ಅದನ್ನು ವೆಂಡೆಲಿನ್, ಅಂದರೆ ಕತೆ ಯಾರದೋ ಅವನು, ಒಪ್ಪಲಿಲ್ಲ.

"ಕಣ್ಣಿನ ವಿಷ್ಯ ಮೊದಲನೇ ಪ್ಯಾರಾದಲ್ಲಿ ಬೇಡ" ಎಂದ. "ಮನೆಗೆ ಬಂದವರಿಗೆ ಮೊದ್ಲು ಬಚ್ಚಲು ತೋರಿಸ್ದಂಗೆ ಆಗುತ್ತೆ."

ಸರಿ, ಕಣ್ಣಿನ ವಿಷಯ ಈಗ ಹೇಳುವುದಿಲ್ಲ. (ಹೇಳಿಯಾಯಿತು, ಗೊತ್ತು. ಇಂಥ ಕತೆಗಾರನ ಕೈಗೆ ಸಿಕ್ಕಿಬಿದ್ದಿದ್ದೀರಿ, ಏನು ಮಾಡುತ್ತೀರಿ.)

೧

ಮೊದಲ ಕರಡು ಹೀಗಿತ್ತು: 'ನೀತ್ರಾ ನದಿಯ ಮೇಲೆ ಮಂಜು ಕವಿದಿತ್ತು. ಮುದುಕ ವೆಂಡೆಲಿನ್ ತನ್ನ ಗ್ಯಾರೇಜಿನ ಬಾಗಿಲು ತೆರೆದಾಗ ಕಾಲವೇ ಕಿರುಗುಟ್ಟಿದಂತಾಯಿತು.'

ವೆಂಡೆಲಿನ್ ಕನ್ನಡಕವನ್ನು ಹಣೆಗೇರಿಸಿ ಕೇಳಿಸಿಕೊಂಡ. "ಕಾಲ ಕಿರುಗುಟ್ಟಲ್ಲ, ಕೀಲು ಕಿರುಗುಟ್ಟುತ್ತೆ. ನನ್ನ ಬಾಗಿಲಲ್ಲಿ ಅದೂ ಇಲ್ಲ, ನಾನು ಎಣ್ಣೆ ಬಿಡ್ತೀನಿ. ನಿಂಗೆ ಕಿರುಗುಟ್ಟೋದೇ ಬೇಕು ಅಂದ್ರೆ ಪಕ್ಕದ ಗೇಝಾನ ಬಾಗಿಲು ಬರ್ಕೋ."

ಆ ಕರಡನ್ನು ಹರಿದು ಹಾಕಿದೆ. ಮಂಜನ್ನು ಮಾತ್ರ ಉಳಿಸಿಕೊಳ್ಳೋಣ ಎಂದಿದ್ದೆ, ಆ ದಿನ ಮಂಜೂ ಇರಲಿಲ್ಲವಂತೆ.

೨

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಮ್ಮ ಫ್ಲ್ಯಾಟುಗಳ ಹಿಂದೆ ಗ್ಯಾರೇಜುಗಳ ಒಂದು ಸಾಲಿದೆ. ಅವು ಕಾರು ನಿಲ್ಲಿಸುವುದಕ್ಕೆಂದು ಕಟ್ಟಿದ್ದವು. ಕಾರುಗಳು ಹೊರಗೆ ಹಿಮದಲ್ಲಿ ನೆನೆಯುತ್ತವೆ, ಒಳಗೆ ಅವರವರ ಹುಚ್ಚು ಬೆಚ್ಚಗಿರುತ್ತದೆ. ಗೇಝಾನ ಗ್ಯಾರೇಜಿನಲ್ಲಿ ಪ್ಲಮ್ ಹಣ್ಣು ಹುಳಿಯುವ ಪೀಪಾಯಿಗಳು. ನನ್ನದರಲ್ಲಿ ಓದದ ಪುಸ್ತಕಗಳು. ವೆಂಡೆಲಿನ್‌ನದರಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಗೋಡೆಯುದ್ದಕ್ಕೂ ಅರಗಳು, ಮೂಲೆಯಲ್ಲಿ ಉರುವಲು ಒಲೆ. ಅವನು ಕೆಲಸದಲ್ಲಿದ್ದಾಗ ಟರ್ನರ್, ಅಂದರೆ ಲೇತ್ ಓಡಿಸುವವನು. ನಿವೃತ್ತನಾದ ಮೇಲೂ ಟರ್ನರ್. ವ್ಯತ್ಯಾಸವೆಂದರೆ ಈಗ ಯಾರೂ ಅವಸರ ಮಾಡುವುದಿಲ್ಲ.

ಅವನ ಹೆಂಡತಿ ಒಟೀಲಿಯಾ ಮಾತ್ರ ಅವಸರ ಮಾಡುತ್ತಿದ್ದಳು. ಅವಳ ಗಸಗಸೆ ಗಿರಣಿ ಕೆಟ್ಟಿತ್ತು. ಮೇಜಿನ ಅಂಚಿಗೆ ಬಿಗಿದು ಕೈಯಲ್ಲಿ ತಿರುಗಿಸುವ ಬೀಡುಕಬ್ಬಿಣದ ಗಿರಣಿ, ಅವಳ ತಾಯಿಯದು. ಅದರ ದಂಡವನ್ನು ಅಲುಗಾಡದಂತೆ ಹಿಡಿದಿಡುವ ಕಂಚಿನ ಬಳೆ, ಅಂದರೆ ಬುಷ್, ಸವೆದುಹೋಗಿತ್ತು. ದಂಡ ಲಟಲಟ ಅನ್ನುತ್ತಿತ್ತು. ಮೇಲಿಂದ ಹಾಕಿದ ಗಸಗಸೆ ಕೆಳಗೆ ಇಡಿಯಾಗಿಯೇ ಬೀಳುತ್ತಿತ್ತು. ಕ್ರಿಸ್ಮಸ್ ಹಿಂದಿನ ಸಂಜೆಗೆ ಬೊಬಾಲ್ಕಿ ಆಗಲೇಬೇಕು: ಗುಂಡುಗುಂಡಾದ ಸಣ್ಣ ಬನ್ನುಗಳನ್ನು ಬಿಸಿ ಹಾಲಿನಲ್ಲಿ ನೆನೆಸಿ, ಜೇನು ಬಿಟ್ಟು, ಮೇಲೆ ಬೀಸಿದ ಗಸಗಸೆ ಸುರಿಯಬೇಕು. ಅದಿಲ್ಲದೆ ಆ ಮನೆಯಲ್ಲಿ ಹಬ್ಬ ಅನ್ನುವುದಿಲ್ಲ.

"ಅಂಗಡೀಲಿ ಬೀಸಿದ್ದೇ ಸಿಗುತ್ತಲ್ಲ" ಎಂದು ನಾನು ಒಮ್ಮೆ ಬಾಯಿಬಿಟ್ಟಿದ್ದೆ.

"ಅದು ಕಮಟು" ಎಂದಳು ಒಟೀಲಿಯಾ. "ಕಮಟು ಗಸಗಸೆ ತಿಂದವನು ಕಮಟು ಕತೆ ಬರೀತಾನೆ. ಮೂರನೇ ಮಹಡಿಯವನೇ, ಈಗ ಗೊತ್ತಾಯ್ತು ನಿಂದು ಯಾಕೆ ಹಾಗೆ ಅಂತ."

೩

ಬುಷ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಬೇಸಿಗೆಯಲ್ಲಿ ಹೇಳಿದ್ದಳು. ಅಕ್ಟೋಬರ್ ಬಂದಿತ್ತು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ಲೇತ್ ಇಟ್ಟುಕೊಂಡವನು ಯಾವ ವಸ್ತುವನ್ನೂ ನೇರವಾಗಿ ಮಾಡುವುದಿಲ್ಲ. ಬುಷ್ ಕೊರೆಯಲು ತೆಳ್ಳಗಿನ ಟೂಲ್ ಬೇಕು. ಆ ಟೂಲಿಗೆ ಒಂದು ಹಿಡಿ ಬೇಕು. ಹಿಡಿಯಲ್ಲಿ ಚೌಕ ತೂತು ಬೇಕು, ಚೌಕ ತೂತಿಗೆ ಬೇರೆಯೇ ಒಂದು ಉಪಕರಣ ಬೇಕು. ಅದನ್ನು ಕೊಳ್ಳಬಹುದು, ಆದರೆ ಕೊಂಡರೆ ಲೇತ್ ಯಾಕೆ ಇಟ್ಟುಕೊಂಡದ್ದು? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ವೆಂಡೆಲಿನ್ ಅಕ್ಟೋಬರ್ ಹೊತ್ತಿಗೆ ಒಲೆಯ ಬಾಗಿಲಿಗೆ ಹೊಸ ಕೀಲು ಮಾಡುತ್ತಿದ್ದ. ಒಲೆ ಸರಿಯಿಲ್ಲದಿದ್ದರೆ ಬಿಸಿ ಮಾಡುವುದೆಲ್ಲಿ, ಬಿಸಿ ಮಾಡದಿದ್ದರೆ ಉಕ್ಕಿಗೆ ಹದ ಹಾಕುವುದೆಲ್ಲಿ?

"ಅವನ ಹತ್ರ ಒಂದು ಮೊಳೆ ಹೊಡ್ಕೊಡು ಅಂದ್ರೆ ಮೊದ್ಲು ಸುತ್ತಿಗೆ ಎರಕ ಹೊಯ್ತಾನೆ" ಎನ್ನುತ್ತಿದ್ದ ಗೇಝಾ.

(ನಗಬೇಡಿ. ಈ ಕತೆ ಬರೆಯುವ ಮುಂಚೆ ನಾನು ಮೇಜಿನ ಕಾಲು ಸರಿಮಾಡಿಸಿದೆ, ಕಿಟಕಿಗೆ ಪರದೆ ಹೊಲಿಸಿದೆ, ಹೊಸ ಕನ್ನಡ ಕೀಬೋರ್ಡಿನ ಬಗ್ಗೆ ಒಂದು ವಾರ ಓದಿದೆ.)

೪

ಕೊನೆಗೂ ಬುಷ್ ಆಯಿತು. ಕಂಚು ಒಳ್ಳೇದು, ಮೈ ನುಣುಪು. ವೆಂಡೆಲಿನ್ ಕೂದಲೆಳೆಯನ್ನೂ ಅಳೆಯುವ ಮೈಕ್ರೋಮೀಟರಿನಲ್ಲಿ ಅಳೆದ. ಸರಿಯಾಗಿತ್ತು. ಗಿರಣಿಯ ತೂತಿಗೆ ಇಟ್ಟು ಒತ್ತಿದ. ಹೋಗಲಿಲ್ಲ.

ಮತ್ತೆ ಅಳೆದ. ಸರಿಯಾಗಿಯೇ ಇತ್ತು. ಹೋಗಲಿಲ್ಲ.

ಈಗ ನೀವು, ಅಡುಗೆಮನೆಯಲ್ಲಿ ಬುದ್ಧಿ ಕಲಿತ ನೀವು, ಏನು ಮಾಡುತ್ತಿದ್ದಿರಿ? ಇನ್ನಷ್ಟು ಕೆರೆದು ತೂರಿಸುತ್ತಿದ್ದಿರಿ. ಒಟೀಲಿಯಾ ಊಟದ ಹೊತ್ತಿಗೆ ಅದನ್ನೇ ಕೇಳಿದಳು.

"ಒಳಗೆ ಹೋಗ್ತಿಲ್ಲ ಅಂದ್ರೆ ದಪ್ಪ ಇದೆ ಅಂತ. ಇನ್ನೊಂಚೂರು ಕೆರಿ."

"ದಪ್ಪ ಇಲ್ಲ. ಅಳತೆ ಸರಿ ಇದೆ."

"ಅಳತೆ ಸರಿ ಇದ್ರೆ ಒಳಗೆ ಹೋಗ್ಬೇಕು."

"ಅಳತೆ ಸರಿ ಇದ್ಮೇಲೆ ಕೆರಿಯೋಕೆ ಆಗಲ್ಲ, ಒಟ್ಕಾ. ಕೆರೆದ್ರೆ ಅದು ತಪ್ಪಾಗುತ್ತೆ." (ಒಟ್ಕಾ ಎಂದರೆ ಒಟೀಲಿಯಾಳೇ, ಅವನು ಕರೆಯುವ ಮುದ್ದಿನ ಹೆಸರು.)

"ಹಾಗಾದ್ರೆ ಸರಿಯಾದ ಅಳತೇನೇ ಹಾಲಿಗೆ ಹಾಕ್ಕೊಂಡು ತಿನ್ನು" ಎಂದು ಅವಳು ಸೂಪಿನ ಪಾತ್ರೆ ಎತ್ತಿಕೊಂಡು ಹೋದಳು.

ಇದು ಟರ್ನರುಗಳು ಮಾತ್ರ ಮಾಡಬಲ್ಲ ತಪ್ಪು. ಕೈಯಲ್ಲಿರುವ ವಸ್ತು ಹೇಳಿದ್ದನ್ನು ನಂಬುವುದಿಲ್ಲ, ಅಳತೆ ಹೇಳಿದ್ದನ್ನು ನಂಬುತ್ತಾರೆ. ವೆಂಡೆಲಿನ್ ಇನ್ನೊಂದು ಬುಷ್ ಮಾಡಿದ. ಮತ್ತೊಂದು ಮಾಡಿದ. ಕಿಟಕಿಯ ಕಟ್ಟೆಯ ಮೇಲೆ ಕಂಚಿನ ಬುಷ್‌ಗಳು ಸಾಲಾಗಿ ಕೂತವು. ಎಲ್ಲವೂ ಸರಿಯಾದ ಅಳತೆಯವು, ಒಂದೂ ಒಳಗೆ ಹೋಗದವು.

೫

ಆಮೇಲೆ ಅವನು ಲೇತನ್ನೇ ಬಿಚ್ಚಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ. ಬೇರಿಂಗ್ ತೆಗೆದು ತೊಳೆದ. ಸ್ಕ್ರೂ ತೆಗೆದು ಒರೆಸಿದ. ಹಳಿಗಳ ಮೇಲೆ ನೀಲಿ ಬಣ್ಣ ಬಳಿದು, ಎಲ್ಲಿ ಉಬ್ಬಿದೆ ಎಂದು ನೋಡಿ, ಕೆರೆದ. ನವೆಂಬರ್ ಪೂರ್ತಿ ಕೆರೆದ. ಬಾಲ್ಕನಿಯಿಂದ ಒಟೀಲಿಯಾ ಪಾತ್ರೆ ಬಡಿದು ಊಟಕ್ಕೆ ಕರೆದರೆ ನೀಲಿ ಕೈಯಲ್ಲೇ ಬರುತ್ತಿದ್ದ.

ಈ ಭಾಗವನ್ನು ನಾನು ಬಹಳ ಚೆನ್ನಾಗಿ ಬರೆದಿದ್ದೆ. ಒಲೆಯ ಶಾಖ, ಎಣ್ಣೆಯ ವಾಸನೆ, ಹೊರಗೆ ಮೊದಲ ಹಿಮ. ಯಂತ್ರವನ್ನು ಬಿಚ್ಚಿ ಜೋಡಿಸುವ ಮನುಷ್ಯನ ಮುಖದ ಶಾಂತಿ. ನಾಲ್ಕು ಪುಟ. ಒಟೀಲಿಯಾಳಿಗೆ ಓದಿ ಹೇಳಿದೆ.

"ಚೆನ್ನಾಗಿದೆ" ಎಂದಳು. "ಈ ನಾಲ್ಕು ಪುಟದಲ್ಲಿ ನನ್ನ ಗಸಗಸೆ ಎಲ್ಲಿದೆ?"

ನಾಲ್ಕೂ ಪುಟ ತೆಗೆದೆ. ಹಿಮ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದ್ದರೆ ಕ್ಷಮಿಸಿ.

೬

ಡಿಸೆಂಬರಿನ ಮೊದಲ ದಿನಗಳಲ್ಲಿ ಒಟೀಲಿಯಾ ಗ್ಯಾರೇಜಿಗೆ ಬಂದಳು. ಅದು ಸಣ್ಣ ವಿಷಯವೆಂದುಕೊಳ್ಳಬೇಡಿ. ಮದುವೆಯಾದಾಗಿನಿಂದ ಅವಳು ಅದರ ಹೊಸ್ತಿಲು ದಾಟಿರಲಿಲ್ಲ.

ಕಾರಣ ಅವಳಿಗೆ ಗೊತ್ತಿತ್ತು, ಆಡುತ್ತಿರಲಿಲ್ಲ. ಒಂದೇ ಫ್ಯಾಕ್ಟರಿಯಲ್ಲಿ ಅವನು ಟರ್ನರ್, ಅವಳು ಅಳತೆ ಕೋಣೆಯ ಇನ್‌ಸ್ಪೆಕ್ಟರ್. ಅವನು ಮಾಡಿದ್ದನ್ನು ಅವಳು ಅಳೆಯುತ್ತಿದ್ದಳು, ಸರಿ ಇಲ್ಲದಿದ್ದರೆ ವಾಪಸು ಕಳಿಸುತ್ತಿದ್ದಳು. ಪರಿಚಯವಾದದ್ದೇ ಜಗಳದಲ್ಲಿ. ಮದುವೆಯಾದ ಮೇಲೆ ಅವನು ಈ ಗ್ಯಾರೇಜು ಹಿಡಿದ. ತಾನು ಮಾಡಿದ್ದನ್ನು ಯಾರೂ ಅಳೆಯದ ಒಂದು ಜಾಗ ಅವನಿಗೆ ಬೇಕಿತ್ತು.

ಅಂದು ವೆಂಡೆಲಿನ್ ನೀಲಿ ಬಣ್ಣ ತರಲು ಪೇಟೆಗೆ ಹೋಗಿದ್ದ. ಅವಳು ಕಿಟಕಿಯ ಕಟ್ಟೆಯಿಂದ ಒಂದು ಬುಷ್ ತೆಗೆದುಕೊಂಡಳು. ಮೈಕ್ರೋಮೀಟರನ್ನು ಸೆರಗಿನಲ್ಲಿ ಒರೆಸಿ ಅಳೆದಳು. (ಸೆರಗಲ್ಲ, ಏಪ್ರನ್. ಕನ್ನಡದಲ್ಲಿ ಬರೆಯುವಾಗ ಹೆಂಗಸರ ಮೈಮೇಲೆ ಸೆರಗು ತಾನಾಗಿ ಬಂದುಬಿಡುತ್ತದೆ.) ಇನ್ನೊಂದನ್ನು ಅಳೆದಳು. ಎಲ್ಲವನ್ನೂ ಅಳೆದಳು.

ಎಲ್ಲವೂ ಬೇಕಾದ ಅಳತೆಗಿಂತ ಅರ್ಧ ಮಿಲಿಮೀಟರು ದಪ್ಪ. ಒಂದಲ್ಲ ಎರಡಲ್ಲ, ಪ್ರತಿಯೊಂದೂ ಅಷ್ಟೇ.

ಇದರ ಅರ್ಥ ಅವಳಿಗೆ ಒಡನೆಯೇ ಹೊಳೆಯಿತು. ನಿಮಗೆ ನಾನು ಹೇಳಬೇಕು. ಮೈಕ್ರೋಮೀಟರಿನ ಕೊಳವೆಯಂಥ ಹಿಡಿಯ ಮೇಲೆ ಉದ್ದಕ್ಕೆ ಒಂದು ಗೆರೆ. ಗೆರೆಯ ಮೇಲ್ಗಡೆ ಇಡೀ ಮಿಲಿಮೀಟರಿನ ಗೀಟುಗಳು, ಕೆಳಗಡೆ ಅರ್ಧ ಮಿಲಿಮೀಟರಿನವು. ಕೆಳಗಿನ ಗೀಟು ಕಾಣದವನು ಓದಿದರೆ ಅರ್ಧ ಮಿಲಿಮೀಟರು ಲೆಕ್ಕಕ್ಕೇ ಬರುವುದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಅಪ್ರೆಂಟಿಸ್‌ಗಳು ಮೊದಲ ವಾರ ಮಾಡುವ ತಪ್ಪು ಇದು. ಎರಡನೇ ವಾರ ಯಾರೂ ಮಾಡುವುದಿಲ್ಲ.

ವೆಂಡೆಲಿನ್ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ಲೇತ್ ಬಿಚ್ಚಿದ್ದು ಯಾಕೆ?" ಎಂದಳು.

"ಸವೆದಿದೆ. ಅಳತೆ ನಿಲ್ತಿಲ್ಲ."

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಸವೆದ ಯಂತ್ರ ಒಂದ್ಸಲ ಹೆಚ್ಚು ಮಾಡುತ್ತೆ, ಒಂದ್ಸಲ ಕಡಿಮೆ ಮಾಡುತ್ತೆ. ಒಂದೇ ತಪ್ಪನ್ನ ಇಷ್ಟು ನಿಯತ್ತಾಗಿ ಮಾಡೋದು ಮನುಷ್ಯ ಮಾತ್ರ. ಈ ಗೋಡೆ ಮೇಲೆ ಕ್ಯಾಲೆಂಡರ್ ಇದ್ಯಲ್ಲ, ಇವತ್ತಿನ ತಾರೀಖು ಓದು."

ಅವನು ಕ್ಯಾಲೆಂಡರಿನ ಕಡೆ ತಿರುಗಿದ. ತಲೆಯನ್ನು ಸ್ವಲ್ಪ ಓರೆ ಮಾಡಿ, ಅದರ ಪಕ್ಕಕ್ಕೆ ನೋಡುವವನಂತೆ ನೋಡಿದ. ನೇರ ನೋಡಿದ ಕಡೆ ಮಾತ್ರ ಅವನಿಗೆ ಮಸುಕು. ಸುತ್ತ ಎಲ್ಲ ಕಾಣುತ್ತಿತ್ತು.

"ತಾರೀಖು ತಗೊಂಡು ಏನ್ಮಾಡ್ತೀಯ" ಎಂದ.

ಅವಳು ಅವನ ಕೈಯಿಂದ ಬಣ್ಣದ ಡಬ್ಬಿ ತೆಗೆದುಕೊಂಡಳು.

೬, ಮತ್ತೊಮ್ಮೆ

ಇಲ್ಲಿ ನಾನು ಕತೆ ನಿಲ್ಲಿಸಿ ವೆಂಡೆಲಿನ್‌ನನ್ನು ಕೇಳಿದೆ. ಕೇಳಲೇಬೇಕಿತ್ತು. "ನಿನಗೆ ಗೊತ್ತಿತ್ತಾ?"

"ಏನು?"

"ಅರ್ಧ ಮಿಲಿಮೀಟರು. ಜೀವಮಾನವೆಲ್ಲ ಟರ್ನರ್ ಆಗಿದ್ದವನಿಗೆ ಹೊಳೀಲಿಲ್ಲ ಅಂದ್ರೆ ಓದೋರು ನಂಬಲ್ಲ."

ಅವನು ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟ. ನಾನೂ ಕೀಬೋರ್ಡಿನಿಂದ ಕೈ ತೆಗೆದೆ.

"ಎರಡನೇ ಬುಷ್‌ಗೇ ಗೊತ್ತಾಯ್ತು" ಎಂದ. "ಗೊತ್ತಾಗ್ಬಾರ್ದು ಅಂತ ಲೇತ್ ಬಿಚ್ಚಿದೆ. ಬಿಚ್ಚಿದ್ರೆ ಕೆಲಸ ಇರುತ್ತೆ. ಕೆಲಸ ಇದ್ರೆ ಯೋಚನೆ ಬರಲ್ಲ. ಇದನ್ನ ಬರೀಬೇಡ."

ಬರೆದಿದ್ದೇನೆ. ಅವನ ಮಾತು ಮೀರಿದ್ದಕ್ಕೆ ನನಗೇನೂ ಹೆಮ್ಮೆಯಿಲ್ಲ. ಆದರೆ ಇದನ್ನು ಬಿಟ್ಟರೆ ಅವನು ಪೆದ್ದನಂತೆ ಕಾಣುತ್ತಾನೆ, ಅವನು ಪೆದ್ದನಲ್ಲ. ಹೆದರಿದ ಮನುಷ್ಯ, ಅಷ್ಟೇ. ನನಗೆ ಅವನ ಮೇಲೆ ಪ್ರೀತಿ ಬಂದದ್ದೂ ಆಗಲೇ.

೭

ಕಣ್ಣಿನ ಡಾಕ್ಟರಲ್ಲಿಗೆ ಒಟೀಲಿಯಾಳೇ ಅವನನ್ನು ಎಳೆದುಕೊಂಡು ಹೋದಳು. ಡಾಕ್ಟರು ಹೇಳಿದ್ದಿಷ್ಟು: ಪೂರ್ತಿ ಕತ್ತಲಾಗುವುದಿಲ್ಲ. ನಡೆದಾಡಬಹುದು, ಜನರನ್ನು ಗುರುತು ಹಿಡಿಯಬಹುದು. ನಡುವಿನ ಮಸುಕು ಮಾತ್ರ ಹೋಗುವುದಿಲ್ಲ, ನಿಧಾನವಾಗಿ ದೊಡ್ಡದಾಗುತ್ತದೆ.

ಬಸ್ಸಿನಲ್ಲಿ ಬರುವಾಗ ಒಟೀಲಿಯಾ ಅಲ್ಲಿಂದಲೇ ಗೇಝಾನಿಗೆ ಫೋನು ಮಾಡಿದಳು. ಗೇಝಾನ ಅಳಿಯನಿಗೆ ಒಂದು ಲೇತ್ ಬೇಕಿತ್ತು. ಶನಿವಾರ ಗೇಝಾ ಟ್ರೇಲರ್ ತರುವುದೆಂದು ನಿಶ್ಚಯವಾಯಿತು. ಅದಕ್ಕೆ ಮುಂಚೆ ವೆಂಡೆಲಿನ್ ಲೇತನ್ನು ಜೋಡಿಸಿಡಬೇಕು.

"ನಿನ್ನ ಕಣ್ಣು ಹೋದ್ರೆ ನಾನು ನೋಡ್ಕೋತೀನಿ" ಎಂದಳು ಗಂಡನಿಗೆ. "ಲೇತಿಗೆ ಸಿಕ್ಕಿ ಬೆರಳು ಹೋದ್ರೆ ನೋಡ್ಕೊಳಲ್ಲ. ಮೊದಲೇ ಹೇಳಿದೀನಿ."

ಅವನು ಕಿಟಕಿಯಿಂದಾಚೆ ನೋಡುತ್ತಿದ್ದ. ಲೇತ್ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಮನೆಗೆ. ಅವನ ಬದುಕು ಆ ಸಣ್ಣ ದಾರಿಯಲ್ಲಿ ಹರಡಿಕೊಂಡಿತ್ತು.

೮

ಈಗ ಕೊನೆ. ಮೂರು ಬರೆದಿದ್ದೇನೆ.

ಮೊದಲನೆಯದರಲ್ಲಿ ಲೇತ್ ಹೋಗುತ್ತದೆ. ಖಾಲಿ ಗ್ಯಾರೇಜಿನ ನೆಲದ ಮೇಲೆ ಎಣ್ಣೆಯ ಕಲೆ. ವೆಂಡೆಲಿನ್ ಅದರ ಪಕ್ಕದಲ್ಲಿ ಕುಳಿತು ಅಳುತ್ತಾನೆ.

"ಅಳಲ್ಲ" ಎಂದ ವೆಂಡೆಲಿನ್. "ಖಾಲಿ ಜಾಗ ಇದ್ರೆ ಆಲೂಗಡ್ಡೆ ತುಂಬ್ತೀನಿ. ಅಳೋದಾದ್ರೆ ನಿನ್ನ ಮುಂದೆ ಅಳ್ತೀನಾ, ನೀನು ಕುಡಿದಾಗ ಗೇಝಾನಿಗೆ ಹೇಳ್ಬಿಡ್ತೀಯ."

ಎರಡನೆಯದರಲ್ಲಿ ಒಟೀಲಿಯಾ ಒಂದೊಂದಾಗಿ ಅಳತೆ ಓದಿ ಹೇಳುತ್ತಾಳೆ, ಅವನು ಬುಷ್ ಮಾಡುತ್ತಾನೆ, ಹಬ್ಬದ ಸಂಜೆ ಗಿರಣಿ ತಿರುಗುತ್ತದೆ, ಕಪ್ಪು ಗಸಗಸೆ ಹಿಟ್ಟಾಗಿ ಬೀಳುತ್ತದೆ, ಇಬ್ಬರೂ ನಗುತ್ತಾರೆ. ಇದು ನನಗೆ ಇಷ್ಟವಾದದ್ದು.

"ಒಂದು ಬುಷ್ ಆದ್ರೆ ಕಣ್ಣು ವಾಪಸ್ ಬರುತ್ತಾ?" ಎಂದಳು ಒಟೀಲಿಯಾ. "ಹಬ್ಬ ಮುಗಿದ ಮಾರನೇ ದಿನ ಏನು? ನಿನ್ನ ಕತೆ ಮುಗಿಯುತ್ತೆ, ನೀನು ಮಹಡಿ ಹತ್ತಿ ಹೋಗ್ತೀಯ. ನಾನು ಅದೇ ಮನೇಲಿ ಇರ್ಬೇಕು."

ಮೂರನೆಯದರಲ್ಲಿ ಅವಳು ಅವನ ಮೇಲಿನ ಪ್ರೀತಿಯಿಂದ ಕೊನೆಯ ಗಳಿಗೆಯಲ್ಲಿ ಗೇಝಾನನ್ನು ಹಿಂದಕ್ಕೆ ಕಳಿಸುತ್ತಾಳೆ. ಇದನ್ನು ಎರಡು ಸಲ ಓದಿ ಹೇಳಿದೆ, ಒಪ್ಪಿಕೊಳ್ಳುತ್ತೇನೆ.

"ನನ್ನನ್ನ ಒಳ್ಳೆಯವಳು ಮಾಡ್ಬೇಡ" ಎಂದಳು. "ನಂಗೆ ಗಸಗಸೆ ಬೇಕು. ಅವನ ಹತ್ತು ಬೆರಳು ಬೇಕು. ಅವನು ದಿನವೆಲ್ಲ ಅಡುಗೆಮನೇಲಿ ನನ್ನ ಕಾಲಿಗೆ ತೊಡರ್ಕೊಂಡು ಇರೋದು ಬೇಡ. ಈ ಮೂರೂ ಆಗೋ ಹಾಗೆ ಬರೆಯೋಕೆ ಆಗುತ್ತಾ ನಿಂಗೆ?"

ಆಗುವುದಿಲ್ಲ ಎಂದೆ.

"ಹಾಗಾದ್ರೆ ಸುಮ್ನಿರು."

೯

ಶನಿವಾರ ಬೆಳಗ್ಗೆ ಗೇಝಾ ಕಾರಿಗೆ ಟ್ರೇಲರ್ ಕಟ್ಟಿಕೊಂಡು ಬಂದ. ಚಳಿಗೆ ಎಂಜಿನ್ ಆರಿಸದೆ, ಸ್ಟೀರಿಂಗ್ ಹಿಂದೆ ಕೂತೇ ಇದ್ದ. ನಾನೂ ಇಳಿದು ಹೋದೆ. ಮೂರು ಕೊನೆ ಬರೆದು ಮೂರನ್ನೂ ಕಳೆದುಕೊಂಡವನು ನಾಲ್ಕನೆಯದನ್ನು ಕಣ್ಣಾರೆ ನೋಡೋಣ ಎಂದು ಹೋದೆ.

ವೆಂಡೆಲಿನ್ ಜೋಡಿಸಿದ ಲೇತಿನ ಮುಂದೆ ನಿಂತಿದ್ದ. ಅದು ಹೊಸದರಂತೆ ಹೊಳೆಯುತ್ತಿತ್ತು. ಕೆರೆದು ಒರೆಸಿದ್ದು ವ್ಯರ್ಥವಾಗಿರಲಿಲ್ಲ. ಒಟೀಲಿಯಾ ಮನೆಚಪ್ಪಲಿಯಲ್ಲೇ ಒಳಗೆ ಬಂದಳು, ಮೇಲೆ ಅವನ ಹಳೆಯ ಕೋಟು.

"ಎರಡೇ ದಾರಿ" ಎಂದಳು. "ಲೇತ್ ಹೋಗುತ್ತೆ. ಇಲ್ಲ, ಲೇತ್ ಇರುತ್ತೆ, ನಾನೂ ಇರ್ತೀನಿ. ನಾನಿಲ್ದೆ ನೀನು ಸ್ವಿಚ್ ಮುಟ್ಟಂಗಿಲ್ಲ. ನೀನು ತಿರುಗ್ಸು, ನಾನು ಅಳೀತೀನಿ. ನಾನು ನಿಲ್ಲಿಸು ಅಂದ್ರೆ ನಿಲ್ಲಿಸ್ಬೇಕು."

"ನೀನಿಲ್ಲಿ ಕೂತ್ರೆ ಇದು ಗ್ಯಾರೇಜಲ್ಲ, ಫ್ಯಾಕ್ಟರಿ."

"ಹೌದು."

"ನಾನಿಲ್ಲಿಗೆ ಬರ್ತಿದ್ದದ್ದೇ ಒಬ್ನೇ ಇರೋಕೆ."

"ಗೊತ್ತು. ಅದಕ್ಕೇ ಇಷ್ಟು ವರ್ಷ ನಾನು ಬಂದಿರ್ಲಿಲ್ಲ."

ವೆಂಡೆಲಿನ್‌ಗೆ ಅದು ಗೊತ್ತಿರಲಿಲ್ಲ. ಅವಳಿಗೆ ಎಣ್ಣೆ ವಾಸನೆ ಆಗದು ಎಂದುಕೊಂಡಿದ್ದ. ತಾನು ಇಷ್ಟು ಕಾಲ ಕದ್ದು ಅನುಭವಿಸಿದ ಏಕಾಂತವನ್ನು ಅವಳು ತಿಳಿದೇ ಕೊಟ್ಟಿದ್ದಳು ಎಂಬುದು ಅವನಿಗೆ ಆ ಬೆಳಗ್ಗೆ, ಅದು ಹೋಗುವ ಹೊತ್ತಿಗೆ, ಗೊತ್ತಾಯಿತು.

"ಭಯ ಆಗುತ್ತೆ ಒಟ್ಕಾ" ಎಂದ.

"ನಂಗೂ ಆಗುತ್ತೆ. ಭಯಕ್ಕೇ ಕೂರ್ತೀನಿ ಅಂತಿರೋದು. ಇವ್ನು ಅದನ್ನ ಪ್ರೀತಿ ಅಂತ ಬರೀತಾನೆ, ನಂಬಬೇಡ."

(ಬರೆದಿಲ್ಲ. ಭಯ ಎಂದೇ ಬರೆದಿದ್ದೇನೆ. ನೋಡಿ.)

ಹೊರಗೆ ಗೇಝಾನ ಎಂಜಿನ್ ಗುರುಗುಡುತ್ತಿತ್ತು. ಒಟೀಲಿಯಾಳಿಗೆ ನಿಂತು ಕಾಲು ನೋಯುತ್ತಿತ್ತೋ ಏನೋ, ಒಲೆಯ ಪಕ್ಕದ ಮರದ ಪೆಟ್ಟಿಗೆಯ ಕಡೆ ಹೋದಳು.

"ಅಲ್ಲಿ ಕೂರ್ಬೇಡ" ಎಂದ ವೆಂಡೆಲಿನ್. "ಎಣ್ಣೆ ಇದೆ."

ಅವಳು ನಿಂತಳು. ಅವನು ಗೋಡೆಗೊರಗಿಸಿದ್ದ ಸ್ಟೂಲನ್ನು ನೋಡಿದ, ಅಂದರೆ ಅದರ ಪಕ್ಕಕ್ಕೆ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದ.

"ನೀನು ಆಚೆ ಹೋಗು. ಮೂರು ಜನಕ್ಕೆ ಜಾಗ ಇಲ್ಲ."

ಬಾಗಿಲು ಹಾಕಿಕೊಂಡಿತು, ಸದ್ದಿಲ್ಲದೆ.

ನನ್ನದೇ ಕತೆಯಿಂದ ನನ್ನನ್ನು ಹೊರಗೆ ಹಾಕಿದ್ದರು. ಹಿಮದಲ್ಲಿ ಗೇಝಾನ ಕಾರಿನ ಪಕ್ಕ ನಿಂತೆ. ಒಳಗೆ ಏನು ಮಾತಾಯಿತೋ ಕೇಳಿಸಲಿಲ್ಲ. ಕೊಂಚ ಹೊತ್ತಿಗೆ ಮೋಟರ್ ಶುರುವಾಯಿತು. ಕೊನೆಯ ಸಲ ಓಡಿಸಿ ನೋಡುತ್ತಿದ್ದಾನೆಯೇ, ಗೇಝಾನ ಅಳಿಯನಿಗಾಗಿ? ಮೋಟರ್ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಟೀಲಿಯಾಳ ದನಿ, ಅಳತೆ ಕೋಣೆಯಲ್ಲಿ ಕೇಳಿಸಿರಬಹುದಾದಂಥ ದನಿ, ಚೂರೂ ಮೆತ್ತಗಿಲ್ಲದ್ದು:

"ದಪ್ಪ ಇದೆ. ಇನ್ನೊಂದ್ಸಲ."

ಗೇಝಾ ಕಿಟಕಿ ಇಳಿಸಿದ. "ಏನಂತೆ? ತಗೊಂಡು ಹೋಗ್ಲಾ, ಬೇಡ್ವಾ?"

"ಗೊತ್ತಿಲ್ಲ" ಎಂದೆ.

"ಬರೀತಿರೋನು ನೀನಲ್ವೇನೋ?"

ನಾನು ಮುಚ್ಚಿದ ಬಾಗಿಲ ಕಡೆ ಕೈ ತೋರಿಸಿದೆ. ಒಳಗಿನದು ಇನ್ನಷ್ಟು ಕೇಳಲಿ ಎಂದು ಗೇಝಾ ಎಂಜಿನ್ ಆರಿಸಿದ.